ಮುಯ್ಯಾಳಿನ ರಕ್ತ

ನಾಗರಪಂಚಮಿಯ ಮರುದಿನ, ಬೆಳಗಿನ ಎಂಟು ಗಂಟೆ. ಸಿಂಧನೂರಿನಲ್ಲಿ ನಮ್ಮ ಸಂಶೋಧನೆಗೆಂದು ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆಗಳಲ್ಲಿ ಒಳಗಿನದು. ಇದ್ದವರು ನಾಲ್ವರು: ಸಂಶೋಧನೆಯ ಹೊಣೆ ಹೊತ್ತಿದ್ದ ಡಾಕ್ಟರ್ ಮಾಲತಿ, ಟೆಕ್ನಿಷಿಯನ್ ವಿರೂಪಾಕ್ಷ, ಜೀಪಿನ ಚಾಲಕ ಖಾಜಾಸಾಬ ಮತ್ತು ನಾನು. ಹೊರಗೆ ಜಿಟಿಜಿಟಿ ಮಳೆ. ಮೇಜಿನ ಮೇಲೆ ಒಂದೇ ಒಂದು ಸ್ಲೈಡ್.

ಇದು ಕೆಲವು ವರ್ಷದ ಹಿಂದಿನ ಮಾತು. ಹೋದ ತಿಂಗಳು ಲಿಂಗಸುಗೂರಿನಲ್ಲಿ ಸಕ್ಕರೆ ಪರೀಕ್ಷೆಗೆ ಹೋಗಿದ್ದೆ. ಸರದಿಗಾಗಿ ಕಾಯುತ್ತಿದ್ದಾಗ ಒಳಗಿನ ಬಾಗಿಲು ತೆರೆದು, ರಕ್ತದ ಸ್ಲೈಡಿಗೆ ಹಾಕುವ ನೇರಳೆ ಬಣ್ಣದ ವಾಸನೆ ಬಂತು. ಸ್ಪಿರಿಟ್ಟೂ ಒಣ ಎಲೆಯೂ ಕೂಡಿದಂಥ ವಾಸನೆ. ಆ ಮಳೆಗಾಲವೆಲ್ಲ ನನ್ನ ಬೆರಳ ತುದಿಗಳು ಅದೇ ಬಣ್ಣದಲ್ಲಿದ್ದವು. ಮನೆಗೆ ಬಂದು ಇದನ್ನು ಬರೆಯಲು ಕುಳಿತೆ.

ನಾನು ಸೇವೆಯಲ್ಲಿದ್ದಷ್ಟು ಕಾಲವೂ ಮಲೇರಿಯಾ ಸ್ಲೈಡ್ ಓದಿದವಳು. ಬೆಳೆದದ್ದು ಹಾಸ್ಟೆಲಿನಲ್ಲಿ, ಗಂಟೆ ಬಡಿದರೆ ಏಳಬೇಕು, ಗಂಟೆ ಬಡಿದರೆ ಉಣ್ಣಬೇಕು. ಆ ರೂಢಿ ಬಿಡಲಿಲ್ಲ. ಈಗಲೂ ಐದಕ್ಕೆ ಎದ್ದು, ಬುದ್ಧವಂದನೆ ಮುಗಿಸಿ, ಆರಕ್ಕೆ ಚಹಾ ಕುಡಿದರೇ ನನಗೆ ದಿನ ಶುರುವಾಗುವುದು. ನಿವೃತ್ತಿಯಾಗಿ ಲಿಂಗಸುಗೂರಿನ ಮನೆಯಲ್ಲಿದ್ದಾಗ ಡಾಕ್ಟರ್ ಮಾಲತಿ ಹುಡುಕಿಕೊಂಡು ಬಂದರು. ಸ್ಲೈಡ್ ಓದಲು ಇಬ್ಬರು ಬೇಕು, ಒಬ್ಬರು ಓದಿದ್ದು ಇನ್ನೊಬ್ಬರಿಗೆ ಗೊತ್ತಿರಬಾರದು, ಎರಡನೆಯವರಾಗಿ ನೀವು ಬರಬೇಕು ಎಂದರು. ಮಾತಿನಲ್ಲಿ ಬಡಿವಾರವಿರಲಿಲ್ಲ. ಒಪ್ಪಿಕೊಂಡೆ. ವಾರವೆಲ್ಲ ಸಿಂಧನೂರು, ಭಾನುವಾರ ಲಿಂಗಸುಗೂರು.

ಕೆಲಸ ಏನೆಂದರೆ, ಮಲೇರಿಯಾದಲ್ಲಿ ಫಾಲ್ಸಿಪ್ಯಾರಂ ಎಂಬ ಜಾತಿಯಿದೆ, ಮೆದುಳಿಗೆ ಏರುವುದು ಅದೇ. ಅದಕ್ಕೆ ಈಗ ಎರಡು ಔಷಧಿ ಕೂಡಿಸಿ ಕೊಡುತ್ತಾರೆ. ಆ ಔಷಧಿ ಇನ್ನೂ ಪೂರ್ತಿ ಕೆಲಸ ಮಾಡುತ್ತಿದೆಯೇ, ಅಥವಾ ರೋಗಾಣು ಅದಕ್ಕೆ ಒಗ್ಗಿಹೋಗುತ್ತಿದೆಯೇ ಎಂದು ನೋಡುವುದು. ರೋಗಿಗೆ ನಮ್ಮ ಕಣ್ಣೆದುರೇ ಮೂರು ದಿನ ಮಾತ್ರೆ ನುಂಗಿಸುತ್ತಿದ್ದೆವು. ಆಮೇಲೆ ಜ್ವರ ಇರಲಿ ಬಿಡಲಿ, ಆರು ವಾರ, ವಾರಕ್ಕೊಮ್ಮೆ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದೆವು. ಒಂದು ಹನಿ ಸ್ಲೈಡಿಗೆ, ಒಂದು ಹನಿ ದಪ್ಪ ಕಾಗದಕ್ಕೆ. ಕಾಗದದ ಕಲೆ ಒಣಗಿದ ಮೇಲೆ ಬೆಂಗಳೂರಿಗೆ ಹೋಗುತ್ತಿತ್ತು. ಹೋಗಿದ್ದ ರೋಗಾಣು ಮತ್ತೆ ಕಾಣಿಸಿಕೊಂಡರೆ, ಅದು ಹಳೆಯದೇ ಉಳಿದುಕೊಂಡದ್ದೋ ಹೊಸ ಸೊಳ್ಳೆ ಕಚ್ಚಿ ಬಂದದ್ದೋ ಎಂದು ಅಲ್ಲಿ ಅದರ ತಳಿ ನೋಡಿ ಹೇಳುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಲ್ಲಕ್ಕೂ ಕ್ಲೋರೋಕ್ವಿನ್ ಒಂದೇ. ಅದು ಸೋಲತೊಡಗಿದ್ದು ಮೊದಲು ಯಾರಿಗೂ ತಿಳಿಯಲಿಲ್ಲ. ಮಾತ್ರೆ ತಿಂದವರಿಗೆ ಮತ್ತೆ ಜ್ವರ ಬಂದರೆ ತಿಂದೇ ಇಲ್ಲವೆಂದು ಬೈಯುತ್ತಿದ್ದೆವು. ತಿಂದವರೇ ಸತ್ತರು. ಅದಕ್ಕೇ ಈ ಆರು ವಾರದ ಶಿಸ್ತು ನನಗೆ ಅತಿ ಎನಿಸಲಿಲ್ಲ.

ಆ ವರ್ಷ ಎಡದಂಡೆ ಕಾಲುವೆಗೆ ನೀರು ತಡವಾಗಿ ಬಿಟ್ಟರು. ಬಿಟ್ಟ ಮೇಲೆ ಎಲ್ಲ ಕಡೆ ಒಟ್ಟಿಗೇ ಭತ್ತದ ನಾಟಿ. ತುರ್ವಿಹಾಳದಲ್ಲಿ ಬೆಳಿಗ್ಗೆ ಏಳರ ಮೇಲೆ ಮನೆಯಲ್ಲಿ ಹೆಣ್ಣುಮಕ್ಕಳು ಸಿಗುತ್ತಿರಲಿಲ್ಲ. ಇಡೀ ಓಣಿ ಮಂಡಿಯುದ್ದ ಕೆಸರಿನಲ್ಲಿ ಬಗ್ಗಿರುತ್ತಿತ್ತು. ನಾವು ಐದೂವರೆಗೇ ಜೀಪು ಹತ್ತುತ್ತಿದ್ದೆವು. ಖಾಜಾಸಾಬ ದಿನಾ ಅದೇ ಮಾತು ಹೇಳುತ್ತಿದ್ದ: "ಬಾಯಾರ, ಸೊಳ್ಳಿನೂ ಇನ್ನಾ ಎದ್ದಿಲ್ಲ ನೋಡ್ರಿ, ನಾವು ಹೊಂಟೀವಿ."

ತುರ್ವಿಹಾಳದ ನಮ್ಮ ರೋಗಿಗಳಲ್ಲಿ ಹುಲಿಗೆಮ್ಮ ಒಬ್ಬಳು. ಮೂವತ್ತರ ಆಸುಪಾಸು, ಗಟ್ಟಿ ಮೈ, ಗಟ್ಟಿ ದನಿ. ನಾಟಿ ಹಚ್ಚುವ ಹೆಂಗಸರ ಒಂದು ಗುಂಪಿಗೆ ಆಕೆಯೇ ಮುಂದಾಳು. ಜ್ವರದಲ್ಲಿ ನಡುಗುತ್ತಾ ಬಂದವಳು ಮೂರು ದಿನದ ಮಾತ್ರೆಗೆ ಎದ್ದು ಕೂತಳು. ಮೊದಲ ವಾರ ರಕ್ತ ಸ್ವಚ್ಛ, ಎರಡನೆಯ ವಾರವೂ ಸ್ವಚ್ಛ. ಮೂರನೆಯ ವಾರದ ಸ್ಲೈಡೇ ಈಗ ಮೇಜಿನ ಮೇಲಿದ್ದದ್ದು. ವಿರೂಪಾಕ್ಷ ಓದಿ ರೋಗಾಣು ಇದೆ ಎಂದು ಬರೆದಿದ್ದ. ಅವನು ಬರೆದದ್ದು ನೋಡದೆ ಪಂಚಮಿಯ ಸಂಜೆ ನಾನೂ ಓದಿದೆ. ಉಂಗುರದಂಥ ಸಣ್ಣ ಆಕೃತಿಗಳು, ನೋಡಿದಲ್ಲೆಲ್ಲ ಒಂದೆರಡು. ಅನುಮಾನಕ್ಕೆ ಜಾಗವಿರಲಿಲ್ಲ.

ಡಾಕ್ಟರ್ ಮಾಲತಿ ತಾವೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಮಾತ್ರೆ ವಾಂತಿ ಆಗಿರಲಿಲ್ಲವಲ್ಲ?" ಎಂದರು.

"ಇಲ್ಲ. ಮೂರೂ ದಿನ ನಾನೇ ಎದುರಿಗೆ ಕೂತು ನುಂಗ್ಸೀನಿ. ಬಾಯಿ ತೆಗಿಸಿ ನೋಡೀನಿ" ಎಂದೆ.

"ಒಂದು ಸ್ಲೈಡ್ ಇಟ್ಟುಕೊಂಡು ಔಷಧಿ ಸೋತಿದೆ ಅನ್ನೋಕಾಗಲ್ಲ. ಆದರೆ ಈಕೆಯನ್ನು ಹೀಗೇ ಬಿಡೋಕೂ ಆಗಲ್ಲ. ಇವತ್ತೇ ಕರೆತಂದು ಬೇರೆ ಔಷಧಿ ಶುರು ಮಾಡಬೇಕು. ಕಾಗದ ಇವತ್ತು ಸಂಜೆಯ ಪಾರ್ಸೆಲ್ಲಿನಲ್ಲಿ ಹೋಗಲಿ."

ಬೇರೆ ಔಷಧಿ ಎಂದರೆ ಏಳು ದಿನ ಆಸ್ಪತ್ರೆ. ಕಿವಿಯಲ್ಲಿ ಗುಂಯ್ ಎನ್ನುವ, ಬಾಯಿ ಕಹಿಯಾಗುವ ಔಷಧಿ. ನಾಟಿಯ ನಡುವೆ ಹುಲಿಗೆಮ್ಮ ಇದಕ್ಕೆ ಒಪ್ಪುತ್ತಾಳೆಯೇ ಎಂದು ಯೋಚಿಸುತ್ತಲೇ ಜೀಪು ಹತ್ತಿದೆ. ಡಾಕ್ಟರೂ ಬಂದರು.

ಪಂಚಮಿಯ ಮರುದಿನವಾದ್ದರಿಂದ ತುರ್ವಿಹಾಳದಲ್ಲಿ ಅರ್ಧ ಜನ ಕೆಲಸಕ್ಕೆ ಹೋಗಿದ್ದರು, ಅರ್ಧ ಜನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಸುತ್ತ ಇದ್ದರು. ಹುಲಿಗೆಮ್ಮ ಊರ ಪಕ್ಕದ ಹೊಲದಲ್ಲಿ ಸಿಕ್ಕಳು. ಸೀರೆ ಮೇಲಕ್ಕೆ ಕಟ್ಟಿ, ಸಸಿಯ ಕಟ್ಟು ಎಡಗೈಯಲ್ಲಿ ಹಿಡಿದು, ಬದುವಿಗೆ ಬಂದಳು. ಹಿಂದೆ ಆಕೆಯ ಗುಂಪಿನ ನಾಲ್ಕೈದು ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು.

"ಹುಲಿಗೆಮ್ಮ, ಜ್ವರ ಬಂದಿತ್ತೇನು?"

"ಇಲ್ರೀ ಬಾಯಾರ. ಎತ್ತಿನಂಗ ದುಡಿಯಾಕತ್ತೀನಿ."

"ತಲಿನೋವು? ಚಳಿ?"

"ಏನಿಲ್ರೀ. ಯಾಕ?"

"ಸೋಮವಾರ ತೆಗೆದ ನಿನ್ನ ರಕ್ತದಾಗ ಮತ್ತ ರೋಗ ಕಾಣಾಕತ್ತೈತಿ. ಇವತ್ತ ದವಾಖಾನಿಗೆ ಬರಬೇಕು."

ಹುಲಿಗೆಮ್ಮ ನನ್ನ ಮುಖ ನೋಡಿದಳು. ಆಮೇಲೆ ಸಾವಕಾಶವಾಗಿ, ತಿಳಿಯದವರಿಗೆ ತಿಳಿಸಿ ಹೇಳುವಂತೆ ಹೇಳಿದಳು: "ಸೋಮವಾರದ ರಕ್ತ ನಂದಲ್ರೀ. ನಾ ಅವತ್ತ ಸಸಿ ಹಚ್ಚಾಕ ಹೋಗಿದ್ನಿ. ನಮ್ಮ ನೆಗೆಣ್ಣಿ ರೇಣಮ್ಮ ಕೊಟ್ಟಾಳ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ನಂಬಲಾಗಲಿಲ್ಲ.

"ನಿನ್ನ ಮೈದುನನ ಹೆಂಡ್ತಿ ಯಾಕ ಕೊಟ್ಟಳು?"

"ನೀವೇ ಹೇಳಿದ್ರಲ್ರೀ, ಸೋಮವಾರ ತಪ್ಪಸಬ್ಯಾಡ ಅಂತ. ಮಾತು ಕೊಟ್ಟೀವಿ. ನನಗ ಆವತ್ತ ನಾಟಿ ಬಿಡಾಕ ಬರಂಗಿದ್ದಿಲ್ಲ. ಆಕಿ ಮನ್ಯಾಗ ಇದ್ಲು. ನಮ್ಮ ಮನಿಂದ ಒಬ್ಬರು ಕೊಟ್ರ ಆತಲ್ಲ ಅಂತ ಕುಂದರಿಸಿ ಹೋದ್ನಿ. ಮುಯ್ಯಾಳು ಕಳಸ್ತೀವಲ್ಲ, ಹಂಗ."

ನಮ್ಮ ಕಡೆ ಮುಯ್ಯಾಳು ಎಂದರೆ ಕೂಲಿಯಿಲ್ಲದ ಕೆಲಸದ ಬದಲು. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಒಬ್ಬರು ಬಂದರೆ, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಒಬ್ಬರು. ಅತ್ತೆ ಬರಲಿ, ಸೊಸೆ ಬರಲಿ, ಯಾರೂ ಕೇಳುವುದಿಲ್ಲ. ಮನೆಯ ಮಾತು ಉಳಿದರೆ ಸಾಕು. ಹುಲಿಗೆಮ್ಮ ನಮ್ಮ ಸೋಮವಾರಕ್ಕೂ ಅದೇ ನೇಮ ಹಚ್ಚಿದ್ದಳು.

"ರಕ್ತಕ್ಕ ಮುಯ್ಯಾಳು ನಡಿಯಂಗಿಲ್ಲವ್ವಾ" ಎಂದೆ.

ಹಿಂದೆ ನಿಂತಿದ್ದವರಲ್ಲಿ ಒಬ್ಬಳು ನಗತೊಡಗಿದಳು. "ಹುಲಿಗೆಮ್ಮಕ್ಕ, ನಾಳೆ ನಿನ್ನ ಬದ್ಲಿ ನಾ ನಿನ್ನ ಗಂಡನ ಕೂಡ ಜಗಳ ಆಡ್ತೀನಿ. ನೀ ಆರಾಮ ಮಕ್ಕೋ."

"ನೀ ಆಡಿದ್ರ ಅಂವ ಗೆಲ್ತಾನ ಬೇ. ಸುಮ್ನಿರು."

ಆ ಸೋಮವಾರ ನಾನು ಲಿಂಗಸುಗೂರಿನ ತಾಲ್ಲೂಕು ಸಭೆಗೆ ಹೋಗಬೇಕಾಗಿತ್ತು. ತುರ್ವಿಹಾಳಕ್ಕೆ ವಿರೂಪಾಕ್ಷ ಬಂದಿದ್ದ, ಆ ಮನೆಗೆ ಅವನು ಹೊಸಬ. ಹೊಲದ ಬದುವಿನಿಂದಲೇ ಅವನಿಗೆ ಫೋನ್ ಮಾಡಿದೆ. "ಹುಲಿಗೆಮ್ಮ ಅಂದೆ, ಹೂಂ ಅಂದ್ರು ರೀ. ಸೆರಗು ಮುಂದಕ ಇತ್ತು. ಕೈ ಚಾಚಿದ್ರು, ಚುಚ್ಚಿದೆ" ಎಂದ. ದನಿ ಸಣ್ಣದಾಗಿತ್ತು.

ಡಾಕ್ಟರ್ ಫೋನ್ ತೆಗೆದುಕೊಂಡರು. "ವಿರೂಪಾಕ್ಷ, ಆ ಕಾಗದ ಪಾರ್ಸೆಲ್ಲಿನಿಂದ ತೆಗೆದಿಡು. ಅದು ನಮ್ಮ ರೋಗಿಯದ್ದಲ್ಲ, ಆಕೆ ಒಪ್ಪಿಗೆ ಕೊಟ್ಟಿಲ್ಲ, ಅದನ್ನು ನಾವು ಎಲ್ಲೂ ಕಳಿಸುವ ಹಾಗಿಲ್ಲ." ಫೋನ್ ಇಟ್ಟು ಹುಲಿಗೆಮ್ಮನ ಕಡೆ ತಿರುಗಿದರು. "ರೇಣಮ್ಮ ಎಲ್ಲಿದ್ದಾರೆ? ಅವರಿಗೆ ಜ್ವರ ಇದೆಯಾ?"

"ಜ್ವರ ಇಲ್ರೀ. ಪಂಚಮಿಗೆ ತವರಮನಿಗೆ ಹೋಗ್ಯಾಳ. ಪಾಮನಕಲ್ಲೂರು." ಹುಲಿಗೆಮ್ಮ ಸೇರಿಸಿದಳು, "ಬಸುರಿ ಅದಾಳ್ರೀ. ಐದನೇ ತಿಂಗಳು ನಡದೈತಿ. ಅದಕ್ಕ ನಾಟಿಗೆ ಬಿಟ್ಟಿಲ್ಲ."

ಡಾಕ್ಟರ್ ಮಾಲತಿಯವರ ಮುಖ ಬದಲಾಯಿತು. ಫಾಲ್ಸಿಪ್ಯಾರಂ ಬಸುರಿಯ ಮೈಯಲ್ಲಿ ಜ್ವರ ತೋರಿಸದೆಯೂ ಇರುತ್ತದೆ. ಗರ್ಭದ ಮಾಸಿನಲ್ಲಿ ಅಡಗಿ ಕೂತು ತಾಯಿಯ ರಕ್ತ ತಿನ್ನುತ್ತದೆ, ಮಗುವಿಗೆ ಹೋಗುವುದನ್ನು ತಡೆಯುತ್ತದೆ.

"ಮೊದಲ ಬಸಿರೇ?" ಡಾಕ್ಟರ್ ಕೇಳಿದರು.

"ಎರಡನೇದ್ರೀ. ಹೋದ ವರ್ಷ ಒಂದು ಏಳಕ್ಕ ಹೋತು. ಈಗೂ ಬಿಳಿಚಿಕೊಂಡಾಳ. ಕಬ್ಬಿಣದ ಗುಳಿಗಿ ತಿಂದ್ರೂ ರಕ್ತ ಏರವಲ್ದು ಅಂತ ದವಾಖಾನಿ ಆಶಾ ಅಕ್ಕ ಬೈಯಾಕತ್ತಿದ್ಲು."

ರೇಣಮ್ಮನ ಬಳಿ ಫೋನ್ ಇರಲಿಲ್ಲ. ತವರಿನ ನಂಬರಿಗೆ ಹಚ್ಚಿದೆವು. ಆಕೆಯ ತಾಯಿ ಈರಮ್ಮ ಎತ್ತಿ, "ಆಕಿ ಚೊಲೋ ಅದಾಳ, ಪಂಚಮಿ ಉಂಡಿ ತಿನ್ನಾಕತ್ಯಾಳ, ನೀವು ಯಾಕ ಹೈರಾಣ ಆಗ್ತೀರಿ" ಎಂದು ಇಟ್ಟುಬಿಟ್ಟರು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಹುಲಿಗೆಮ್ಮನ ಬೆರಳು ಅಲ್ಲೇ ತೊಳೆಸಿ ರಕ್ತ ತೆಗೆದೆ. ಕೆಸರಿನಲ್ಲಿ ನೆನೆದು ಬಿರುಕು ಬಿಟ್ಟ ಬೆರಳು, ಒಳಗಿಂದ ಹನಿ ಬರಲು ಒತ್ತಬೇಕಾಯಿತು. ಸ್ಲೈಡಿನ ಮೇಲೆ ಹೆಸರು ಬರೆದು ಪೆಟ್ಟಿಗೆಯಲ್ಲಿಟ್ಟೆ. ನಾವು ಹೊರಡುವಷ್ಟರಲ್ಲಿ ಆಕೆ ಕಾಲು ತೊಳೆದುಕೊಂಡು ಬಂದು ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ನೀ ಎಲ್ಲಿಗೆ?"

"ನಾ ಬರಲಿಲ್ಲಂದ್ರ ಈರಮ್ಮತ್ತಿ ನಿಮಗ ಬಾಗಿಲಾ ತೆಗಿಯಂಗಿಲ್ಲ."

ಮಸ್ಕಿ ದಾಟುವವರೆಗೆ ಎರಡೂ ಕಡೆ ಹಸಿರು. ಆಮೇಲೆ ಕಾಲುವೆ ಹಿಂದುಳಿದು ಎರೆ ನೆಲ ಶುರುವಾಯಿತು. ತೊಗರಿ, ಸಜ್ಜೆ ಮೊಳಕಾಲೆತ್ತರ ಬಂದಿದ್ದವು. ಕಪ್ಪು ಕೆಸರಿನಲ್ಲಿ ಜೀಪು ಎರಡು ಸಲ ಹುಗಿದುಕೊಂಡಿತು. ಖಾಜಾಸಾಬ ಇಳಿದು ಚಕ್ರದ ಕೆಳಗೆ ಕಲ್ಲು ಇಡುತ್ತಾ, "ಹುಲಿಗೆಮ್ಮಕ್ಕ, ಇದಕೂ ಯಾರನ್ನರ ಬದ್ಲಿ ಕಳಸ್ತಿ ಏನು ತಳ್ಳಾಕ?" ಎಂದ. ಆಕೆ ಇಳಿದು, ಭುಜ ಕೊಟ್ಟು ತಳ್ಳಿದಳು. ಜೀಪು ಮೇಲೆ ಬಂತು.

ರೇಣಮ್ಮ ತವರಿನ ಅಂಗಳದಲ್ಲಿ ಅಣ್ಣನ ಮಕ್ಕಳಿಗೆ ಜೋಕಾಲಿ ತೂಗುತ್ತಿದ್ದಳು. ಸಣ್ಣ ಹೆಣ್ಣು, ಇಪ್ಪತ್ತೊಂದೋ ಇಪ್ಪತ್ತೆರಡೋ. ಹೊಸ ಹಸಿರು ಬಳೆ. ಡಾಕ್ಟರ್ ಆಕೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ನನಗೂ ತೋರಿಸಿದರು. ಒಳಗೆ ಕೆಂಪೇ ಇರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಆಕೆಯೇ ಹೇಳಿದಳು. ನಾವು ಬಂದ ಕಾರಣ ಕೇಳಿ, ನನ್ನ ಕಡೆ ನೋಡಿ, "ನಾ ಸುಳ್ಳು ಹೇಳಬಾರದಾಗಿತ್ತೇನ್ರೀ" ಎಂದಳು.

"ಹೇಳಿದ್ದಕ್ಕ ನಿನ್ನ ರೋಗ ಗೊತ್ತಾತು. ಈಗ ಮಸ್ಕಿ ದವಾಖಾನಿಗೆ ನಡಿ."

ಈರಮ್ಮ ಹೊಸ್ತಿಲಿಗೆ ಅಡ್ಡ ನಿಂತರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ರೊಟ್ಟಿಯ ಹಿಟ್ಟು.

"ಬಸುರಿಗೆ ಗುಳಿಗಿ ಬ್ಯಾಡ. ಹೋದ ವರ್ಷ ಗುಳಿಗಿ ತಿನ್ನಿಸಿ ತಿನ್ನಿಸಿ ಕೂಸು ಹೋತು. ಅವು ಮೈಗೆ ಉಷ್ಣ."

ಡಾಕ್ಟರ್ ತಾಳ್ಮೆಯಿಂದ ಹೇಳಿದರು: ಹೋದ ವರ್ಷ ಕೂಸನ್ನು ಕೊಂದದ್ದು ಏನೆಂದು ಈಗ ಹೇಳಲಾಗದು, ಆದರೆ ಈ ರೋಗ ಹಾಗೆ ಮಾಡಬಲ್ಲದು. ಈ ಮಾತ್ರೆ ಐದನೇ ತಿಂಗಳಲ್ಲಿ ಕೊಡಬಹುದು. ಹುಲಿಗೆಮ್ಮನಿಗೆ ಇದರ ಜೊತೆ ಕೊಟ್ಟ, ಬಸುರಿಗೆ ಆಗದ ಇನ್ನೊಂದು ಮಾತ್ರೆ ಇದೆ, ಅದನ್ನು ಬಿಡುತ್ತೇವೆ. ಮೂರು ದಿನ ಆಸ್ಪತ್ರೆಯಲ್ಲಿಟ್ಟು ನೋಡುತ್ತೇವೆ.

"ಮೂರು ದಿನ ಆಕಿನ್ನ ಅಲ್ಲಿ ಬಿಟ್ಟು, ಆಮ್ಯಾಲೆ ನೀವು ಜೀಪ ಹತ್ತಿ ಹೋಗ್ತೀರಿ. ಆಕಿಗೆ ಏನರ ಆದ್ರ ಯಾರು ಇರ್ತಾರ? ಹೋದ ಸಲಾನೂ ಯಾರೂ ಇದ್ದಿಲ್ಲ. ನಿಮ್ಮ ತುರ್ವಿಹಾಳದವರು ನಾಟಿ ನಾಟಿ ಅಂತ ಹೊಲದಾಗ ಇದ್ರಿ." ಕೊನೆಯ ಮಾತು ಹುಲಿಗೆಮ್ಮನಿಗೆ.

ಹುಲಿಗೆಮ್ಮ ಅಂಗಳದ ಕಟ್ಟೆಯ ಮೇಲೆ ಕೂತು ಫೋನ್ ತೆಗೆದು ತನ್ನ ಗುಂಪಿನವಳಿಗೆ ಹಚ್ಚಿದಳು. "ಮಲ್ಲಮ್ಮ, ನಾಳೆ ನಾಡದು ನಾ ಬರಂಗಿಲ್ಲ. ಆಚಿ ನಾಡದೂ ಇಲ್ಲ. ಗುಂಪು ನೀ ಕರಕೊಂಡು ಹೋಗು. ಗೌಡ್ರು ಬೈದ್ರ ಬೈಲಿ." ಆ ಕಡೆಯಿಂದ ಏನೋ ಗಟ್ಟಿಯಾಗಿ ಕೇಳಿಸಿತು. "ಬೈಲಿ ಅಂದ್ನೆಲ್ಲ ಬೇ" ಎಂದು ಇಟ್ಟಳು.

ಆಮೇಲೆ ಈರಮ್ಮನಿಗೆ ಹೇಳಿದಳು: "ಅತ್ತಿ, ಮೂರು ದಿನ ನಾ ಆಕಿ ಮಗ್ಗಲಾಗ ಕುಂದರ್ತೀನಿ. ಗುಳಿಗಿ ನನ್ನ ಕೈಯಾಗ ಇಸಗೊಂಡು ನುಂಗಸ್ತೀನಿ. ಹೋದ ವರ್ಷ ಇರಲಿಲ್ಲ, ಖರೇ ಐತಿ."

ನಾಟಿಯ ನಡುವೆ ಮೂರು ದಿನ ಬಿಡುವುದೆಂದರೇನು ಎಂದು ಈರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡು ಒಳಗೆ ಹೋದರು. ಬುತ್ತಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು ತಾವೂ ಹೊರಗೆ ಬಂದರು. "ನಡೀರಿ. ನಾನೂ ಬರ್ತೀನಿ. ಇಬ್ರೂ ಕುಂದ್ರೋಣು."

ಮಸ್ಕಿಯ ಆಸ್ಪತ್ರೆಯಲ್ಲಿ ರೇಣಮ್ಮನ ರಕ್ತ ಮತ್ತೆ ತೆಗೆದೆವು. ರೋಗಾಣು ಇತ್ತು, ಸೋಮವಾರಕ್ಕಿಂತ ಹೆಚ್ಚಾಗಿತ್ತು. ರಕ್ತದ ಅಂಶ ಅರ್ಧಕ್ಕಿಳಿದಿತ್ತು. ಅಲ್ಲಿನ ಡಾಕ್ಟರ್ ಮತ್ತು ಮಾಲತಿಯವರು ಕೂತು ಮಾತ್ರೆಯ ಲೆಕ್ಕ ಹಾಕಿದರು. ಬುತ್ತಿಯ ರೊಟ್ಟಿ ಒಂದು ತಿನ್ನಿಸಿ, ಹುಲಿಗೆಮ್ಮ ಹೇಳಿದಂತೆಯೇ ಮಾತ್ರೆ ಇಸಿದುಕೊಂಡು ಒಂದೊಂದಾಗಿ ಕೊಟ್ಟಳು. ರೇಣಮ್ಮ ನುಂಗಿದಳು. ನಾನು ಬಾಯಿ ತೆಗೆಸಿ ನೋಡಿದೆ.

ಇನ್ನು ಒಂದು ಗಂಟೆ ಕಾಯಬೇಕು. ಅಷ್ಟರಲ್ಲಿ ವಾಂತಿಯಾದರೆ ಮತ್ತೆ ಕೊಡಬೇಕು. ಬಸುರಿಗೆ ಮೊದಲೇ ಓಕರಿಕೆ. ಎರಡನೇ ಸಲ ಕೊಡಲು ಈರಮ್ಮ ಬಿಡುವುದು ಅನುಮಾನವಿತ್ತು. ಹುಲಿಗೆಮ್ಮ ಬಟ್ಟಲು ಹಿಡಿದು ಮಂಚದ ತುದಿಗೆ ಕೂತಳು. ಈರಮ್ಮ ಬೆನ್ನು ತೀಡುತ್ತಿದ್ದರು.

ನಾನು ಪಕ್ಕದ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿನವರನ್ನು ಕೇಳಿ, ಬೆಳಿಗ್ಗೆ ಹೊಲದಲ್ಲಿ ತೆಗೆದಿದ್ದ ಹುಲಿಗೆಮ್ಮನ ಸ್ಲೈಡಿಗೆ ಬಣ್ಣ ಹಾಕಿದೆ. ಒಣಗಿದ ಮೇಲೆ ಎಣ್ಣೆಯ ಹನಿ ಬಿಟ್ಟು ಕೂತೆ. ಒಂದು ತುದಿಯಿಂದ ಇನ್ನೊಂದು ತುದಿಗೆ, ಸಾಲು ತಪ್ಪಿಸದೆ. ಬಿಳಿ ಕಣಗಳು, ಬಣ್ಣದ ಕಸ, ಬೇರೇನಿಲ್ಲ. ಒಮ್ಮೆ ಮುಗಿಸಿ ಮತ್ತೊಮ್ಮೆ ಮೊದಲಿಂದ ನೋಡಿದೆ. ಏನೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ಮಾಲತಿಗೆ, "ಸ್ವಚ್ಛ ಐತ್ರಿ. ವಿರೂಪಾಕ್ಷನೂ ಓದಲಿ" ಎಂದೆ.

ಅವರು ತಲೆಯಾಡಿಸಿ ಗೋಡೆಗೆ ಒರಗಿದರು. "ಇನ್ನೂ ಮೂರು ವಾರ ಇದೆ" ಎಂದಷ್ಟೇ ಅಂದರು. ಆಮೇಲೆ, "ಆ ಮನೆಯಲ್ಲಿ ಉಳಿದವರೆಲ್ಲರ ರಕ್ತವನ್ನೂ ನಾಳೆ ನೋಡಬೇಕು. ಓಣಿಯದ್ದೂ" ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಜ್ವರ ಬಂದವರನ್ನಷ್ಟೇ ನಾವು ಹುಡುಕುತ್ತಿದ್ದೆವು. ಜ್ವರವಿಲ್ಲದೆ ಕೂತವಳು ಮೂರು ವಾರದಿಂದ ಅದೇ ಪಡಸಾಲೆಯಲ್ಲಿದ್ದಳು.

ಗಂಟೆ ತುಂಬಿದಾಗ ವಾರ್ಡಿಗೆ ಬಂದೆ. ಬಟ್ಟಲು ಒಣಗಿಯೇ ಇತ್ತು. ರೇಣಮ್ಮ ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಈರಮ್ಮ ಕೂತಲ್ಲೇ ತೂಕಡಿಸುತ್ತಿದ್ದರು. ಹುಲಿಗೆಮ್ಮ ಮಾತ್ರ ಎಚ್ಚರವಿದ್ದಳು.

"ವಾಂತಿ ಬಂತೇನು?"

"ಒಂದ ಸಲ ಬಾಯಿಗೆ ಬಂದಿತ್ರೀ. ನುಂಗು ಅಂದೆ. ನುಂಗಿದ್ಲು."

ನಾಳೆಯ ಮಾತ್ರೆಗಳನ್ನು ಪೊಟ್ಟಣದಲ್ಲಿ ಕಟ್ಟಿ, ಹೊತ್ತು ಬರೆದು, ವಾರ್ಡಿನ ಸಿಸ್ಟರ್ ಕೈಗೆ ಕೊಟ್ಟೆ. ಆಕೆ ಓದಿ ಹೇಳುವವರೆಗೆ ನಿಂತೆ. ನಂತರ ಪ್ರಯೋಗಾಲಯಕ್ಕೆ ಮರಳಿ ಬಣ್ಣದ ತಟ್ಟೆಯನ್ನು ನಲ್ಲಿಯ ಕೆಳಗೆ ನೇರಳೆ ಹೋಗುವವರೆಗೆ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡೆ.